ಸಾಹೇಬರಿಗೆ ಬಂದರು ತೋರಿಸಿದ್ದು

ನಾನು ಒಂದು ದಿನದ ಮಟ್ಟಿಗೆ ಗೈಡ್ ಆಗಿದ್ದೆ ಎಂದು ಹೇಳಿದರೆ ನಮ್ಮ ಮನೆಯಲ್ಲಿ ಇವತ್ತಿಗೂ ನಗುತ್ತಾರೆ. ನಗಲಿ. ತವರಿಗೆಂದು ಹೊರಟು, ಕುಮಟೆಯ ಸ್ಟ್ಯಾಂಡಿನಲ್ಲಿ ಮಿರ್ಜಾನಿನ ಬಸ್ಸು ಬಿಟ್ಟು ಶಿರಸಿಯ ಬಸ್ಸು ಹತ್ತಿ, ಕತಗಾಲದ ಹತ್ತಿರ ಎಚ್ಚರವಾಗಿ, ಕಂಡಕ್ಟರನ ಹತ್ತಿರ ಬೈಸಿಕೊಂಡು ಇಳಿದವಳು ನಾನು. ಅಂಥವಳು ಇತರರನ್ನು ಹಿಂದೆ ಕಟ್ಟಿಕೊಂಡು "ಹೀಗೆ ಬನ್ನಿ, ಇಲ್ಲಿ ನೋಡಿ" ಎಂದು ಕೈ ತೋರಿಸುತ್ತ ನಡೆದಳು ಎಂದರೆ ಯಾರಿಗಾದರೂ ನಗು ಬರಬೇಕಾದ್ದೇ.

ಗೈಡ್ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬೇಲೂರು ಹಳೇಬೀಡಿನ ಆ ಮಹನೀಯರು ಬರಬಹುದು. ಶಿಲಾಬಾಲಿಕೆಯ ಕೈಯಲ್ಲಿ ಬಳೆ ಎಷ್ಟು, ಸಾಲಿನಲ್ಲಿ ಆನೆ ಎಷ್ಟು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ, ನಾವು ಕತ್ತು ತಿರುಗಿಸುವಷ್ಟರಲ್ಲಿ ಮುಂದಿನ ಕಂಬದ ಹತ್ತಿರ ನಿಂತಿರುತ್ತಾರೆ. ಪುಣ್ಯವಂತರು, ಅವರಿಗೆ ತೋರಿಸಲಿಕ್ಕೆ ಏನಾದರೂ ಇದೆ. ನಾನು ತೋರಿಸಬೇಕಾಗಿ ಬಂದದ್ದು ಹೊನ್ನಾವರದ ಬಂದರನ್ನು. ಅದೂ ಎಪ್ಪತ್ತರ ದಶಕದಲ್ಲಿ. ಹಿಂದೊಮ್ಮೆ ಇಲ್ಲಿಂದ ಕಾಳುಮೆಣಸು ಹಡಗುಗಟ್ಟಲೆ ಹೋಗುತ್ತಿತ್ತಂತೆ, ಅರಬ್ಬರು ಕುದುರೆ ತಂದು ಇಳಿಸುತ್ತಿದ್ದರಂತೆ, ಪೋರ್ತುಗೀಜರು ಬಂದು ಬೆಂಕಿ ಇಟ್ಟು ಹೋದರಂತೆ. ಈ ಅಂತೆಗಳನ್ನೆಲ್ಲ ಬದಿಗಿಟ್ಟರೆ ಕಣ್ಣಿಗೆ ಕಾಣುವುದು ಒಂದು ಹಳೆಯ ಜಕಾತಿ ಕಟ್ಟೆ, ಒಂದಿಷ್ಟು ಗೋಡೆ, ಒಣಹಾಕಿದ ಬಲೆ, ಮೀನಿನ ವಾಸನೆ ಮತ್ತು ಶರಾವತಿ. ಶರಾವತಿಯನ್ನು ತೋರಿಸಲಿಕ್ಕೆ ಗೈಡ್ ಬೇಕಾಗಿಲ್ಲ.

ಪ್ರೇಕ್ಷಣೀಯ ಸ್ಥಳಗಳು ಇರುವುದು ಪರವೂರಿನವರಿಗೆ ಎಂದು ನನ್ನ ನಂಬಿಕೆ. ನಾನು ಹುಟ್ಟಿದ ಮಿರ್ಜಾನಿನಲ್ಲಿ ಒಂದು ಕೋಟೆ ಇದೆ. ಎಲ್ಲೆಲ್ಲಿಂದಲೋ ಜನ ಬಂದು ಅದರ ಗೋಡೆಯನ್ನು ಮುಟ್ಟಿ ನೋಡಿ ಹೋಗುತ್ತಾರೆ. ನಮಗೆ ಅದು ತಪ್ಪಿಸಿಕೊಂಡ ದನ ಹುಡುಕಲು ಹೋಗುವ ಜಾಗ. ಬುರುಜಿನ ಮೇಲೆ ನಾನೂ ನಿಂತಿದ್ದೇನೆ. ಆದರೆ ಆಳಿದ ರಾಣಿಯನ್ನು ನೆನೆಯಲಿಕ್ಕಲ್ಲ, "ಗೌರೀ, ಏ ಗೌರೀ" ಎಂದು ನಮ್ಮ ಆಕಳನ್ನು ಕರೆಯಲಿಕ್ಕೆ. ಮದುವೆಯಾಗಿ ಹೊನ್ನಾವರಕ್ಕೆ ಬಂದ ಮೇಲೂ ಅದೇ ಕಥೆ. ನಮ್ಮ ಮನೆಯಿಂದ ಬಂದರು ಕೂಗಿದರೆ ಕೇಳುವಷ್ಟು ಹತ್ತಿರ. ಚೀಲ ಹಿಡಿದು ಹೋಗುವುದು, ಬಂಗಡೆಯ ಕಿವಿರು ಎತ್ತಿ ನೋಡುವುದು, ಮಂಕಾಳಿಯ ಹತ್ತಿರ ಬಾಯಿ ಮಾಡುವುದು, ಬರುವುದು. ಒಂದು ದಿನವೂ ತಲೆ ಎತ್ತಿ ಹೊಳೆ ನೋಡಿದ ನೆನಪಿಲ್ಲ. ಮೀನು ಕೊಳ್ಳುವಾಗ ತಲೆ ಎತ್ತಿದವರು ಮನೆಗೆ ಹೋಗಿ ಪಶ್ಚಾತ್ತಾಪ ಪಡುತ್ತಾರೆ.

ಮಂಕಾಳಿ ಯಾರೆಂದು ಈಗಲೇ ಹೇಳಿಬಿಡುತ್ತೇನೆ. ಅವಳು ನನಗೆ ಮೀನು ಕೊಡುತ್ತಿದ್ದವಳು. ಅವಳ ಗಂಡ ಜಟ್ಟಪ್ಪ ತಾಂಡೇಲ. ದೋಣಿಯ ಮುಖ್ಯಸ್ಥನಿಗೆ ನಮ್ಮ ಕಡೆ ತಾಂಡೇಲ ಅನ್ನುತ್ತಾರೆ. ಅವನು ಹಿಡಿದು ತಂದದ್ದನ್ನು ಇವಳು ಬುಟ್ಟಿಯಲ್ಲಿ ಹೊತ್ತು ಊರು ತಿರುಗುತ್ತಿದ್ದಳು. ಅವನಿಗೆ ದಿನಕ್ಕೆ ಹತ್ತು ಮಾತು ಸಾಕಾಗುತ್ತಿತ್ತು. ಮಿಕ್ಕದ್ದನ್ನೆಲ್ಲ ಇವಳು ಆಡುತ್ತಿದ್ದಳು.

ಇನ್ನು ನನ್ನ ಸಂಗತಿ. ನಾನು ಆಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚರಿತ್ರೆಯ ಅಕ್ಕೋರು. ಈ ಜಿಲ್ಲೆಯಲ್ಲಿ ಕಲಿಸುವ ಗಂಡಸು ಮಾಸ್ತರ, ಹೆಂಗಸು ಅಕ್ಕೋರು. ಕೇಳಲಿಕ್ಕೆ ಗೌರವವೇ. ಆದರೆ ನಾನು ಹಂಗಾಮಿ ಅಕ್ಕೋರು. ಏಪ್ರಿಲ್ ಬಂದರೆ ಬಿಡುಗಡೆ, ಜೂನ್ ಬಂದರೆ ಮತ್ತೆ ನೇಮಕ. ಆರು ವರ್ಷ ಹೀಗೇ ನಡೆದಿತ್ತು. "ನಿನ್ನ ನೌಕರಿ ಅಣಬಿ ಹಾಂಗೆ, ಗುಡುಗಿದ್ರೆ ಏಳ್ತದೆ" ಎಂದು ನಮ್ಮ ಅತ್ತೆ ಅನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳುವವರು ಅವರು. ಆ ವರ್ಷ ಕಾಯಂ ಆಗದಿದ್ದರೆ ನನ್ನ ವಯಸ್ಸು ಮೀರಿಹೋಗುತ್ತಿತ್ತು. ಆಮೇಲೆ ಎಷ್ಟು ಗುಡುಗಿದರೂ ಏಳುವ ಹಾಗಿರಲಿಲ್ಲ. ಎಲ್ಲವೂ ತಪಾಸಣೆಗೆ ಬರುವ ಸಾಹೇಬರು ವರದಿಯಲ್ಲಿ ನನ್ನ ಹೆಸರಿನ ಮುಂದೆ ಏನು ಬರೆಯುತ್ತಾರೆ ಎಂಬುದರ ಮೇಲೆ ನಿಂತಿತ್ತು.

ಹೀಗಿರುವಾಗ ನಮ್ಮ ಹೆಡ್‌ಮಾಸ್ತರರು ಒಂದು ಕೆಲಸ ಮಾಡಿದರು. ಅವರು ಸಾಧು ಮನುಷ್ಯ. ಮಳೆಯಿರಲಿ ಬಿಡಲಿ ಕೈಯಲ್ಲಿ ಕೊಡೆ. ಅವರಿಗೆ ಇದ್ದದ್ದು ಒಂದೇ ದೌರ್ಬಲ್ಯ. ಯಾವ ನಮೂನೆಯಲ್ಲೂ ಒಂದು ಕಾಲಮ್ಮು ಖಾಲಿ ಬಿಡಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಆ ವರ್ಷ ಮೇಲಿನಿಂದ ಬಂದ ನಮೂನೆಯಲ್ಲಿ 'ಸ್ಥಳೀಯ ಇತಿಹಾಸದ ಬೋಧನೆ' ಎಂದು ಒಂದು ಕಾಲಮ್ಮಿತ್ತು. ಇವರು ಕೂತು ಯೋಚಿಸಿ, "ನಮ್ಮ ಶಾಲೆಯ ಅಕ್ಕೋರು ವಿದ್ಯಾರ್ಥಿನಿಯರನ್ನು ಬಂದರಿನಲ್ಲಿ ನಡೆಸಿಕೊಂಡು ಹೋಗಿ ಪ್ರತ್ಯಕ್ಷವಾಗಿ ಇತಿಹಾಸ ಕಲಿಸುತ್ತಾರೆ" ಎಂದು ಗುಂಡಗೆ ಬರೆದು ಕಳಿಸಿದರು. ನನಗೆ ಹೇಳಲೂ ಇಲ್ಲ. ಕಾಲಮ್ಮು ತುಂಬಿತಲ್ಲ, ಮುಗಿಯಿತು.

ಮುಗಿಯಲಿಲ್ಲ. ಸಾಹೇಬರು ಅದನ್ನು ಓದಿದರು! ನಮೂನೆಗಳನ್ನು ಯಾರಾದರೂ ಓದುತ್ತಾರೆ ಎಂದು ಹೆಡ್‌ಮಾಸ್ತರರು ತಮ್ಮ ಇಡೀ ನೌಕರಿಯಲ್ಲಿ ನಿರೀಕ್ಷಿಸಿರಲಿಲ್ಲ. ಭಟ್ಕಳದ ತಪಾಸಣೆ ಮುಗಿಸಿ ಹೊನ್ನಾವರಕ್ಕೆ ಬರುತ್ತೇನೆ, ಬಂದ ದಿನ ಮಧ್ಯಾಹ್ನ ಅಕ್ಕೋರ ಜೊತೆ ನಾನೂ ಬಂದರಿನಲ್ಲಿ ನಡೆಯುತ್ತೇನೆ ಎಂದು ಕಾಗದ ಬಂತು. ಹೆಡ್‌ಮಾಸ್ತರರು ಕಾಗದ ನನ್ನ ಕೈಗಿಟ್ಟು ಕಿಟಕಿಯ ಕಡೆ ನೋಡುತ್ತ ನಿಂತರು.

"ಅಪ್ಸರಕೊಂಡಕ್ಕೆ ಕರ್ಕಂಡು ಹೋಗ್ತೇವೆ, ಜಲಪಾತ ಅದೆ, ತಂಪಾಗಿರ್ತದೆ ಅಂತ ಬರೆದು ನೋಡಿದೆ ಅಕ್ಕೋರೇ. ಒಪ್ಪಲಿಲ್ಲ. ಬಂದರೇ ಬೇಕಂತೆ."

"ಬಂದರಿನಲ್ಲಿ ತೋರ್ಸೂಕೆ ಎಂತ ಅದೆ ಸರ್?"

"ಅದು ನಿಮ್ಗೇ ಗೊತ್ತಿರ್ಬೇಕು. ನಡೆಸ್ಕಂಡು ಹೋಗೋರು ನೀವಲ್ವಾ?" ಎಂದರು. ತಾವು ಬರೆದದ್ದನ್ನು ತಾವೇ ನಂಬಿಬಿಟ್ಟಿದ್ದರು.

ನನ್ನ ಕೈಯಲ್ಲಿ ಎಂಟು ದಿನವಿತ್ತು. ಮೊದಲು ಮಂಕಾಳಿಯ ಹತ್ತಿರ ಹೋದೆ. "ಮಂಕಾಳಿ, ಈ ಬಂದರಲ್ಲಿ ನೋಡೂಕೆ ಎಂತ ಅದೆ?" ಎಂದು ಕೇಳಿದೆ.

"ನೊಗಲಿ ಅದೆ, ಶೆಟ್ಲಿ ಅದೆ. ಬಂಗ್ಡೆ ಬೇಡಿ, ನಿನ್ನೇದು."

"ಮೀನಲ್ಲ ಮಾರಾಯ್ತಿ. ಹಳೇದು, ಹಳೇದು ಎಂತಾದ್ರೂ ಅದ್ಯಾ?"

"ಹಳೇದು ಬೇಕನ್ರಾ? ಮೊದ್ಲೇ ಹೇಳೂದಲ್ವಾ? ಒಣಮೀನು ಮನೇಲದೆ."

ಶಾಲೆಯ ಕಪಾಟಿನಲ್ಲಿ ಒಂದು ಪುಸ್ತಕ ಸಿಕ್ಕಿತು. ಅರ್ಧ ಗೆದ್ದಲು ಓದಿ ಮುಗಿಸಿತ್ತು. ಉಳಿದ ಅರ್ಧದಲ್ಲಿ, ಬಹಳ ಹಿಂದೆ ಅರಬ್ಬಿ ಯಾತ್ರಿಕನೊಬ್ಬ ಈ ಊರಿಗೆ ಬಂದಿದ್ದನೆಂದೂ, ಇಲ್ಲಿ ಹೆಣ್ಣುಮಕ್ಕಳಿಗೆಂದೇ ಶಾಲೆಗಳಿರುವುದನ್ನು ಕಂಡು ಬೆರಗಾಗಿ ಬರೆದಿಟ್ಟನೆಂದೂ ಇತ್ತು. ಓದಿ ನನಗೂ ಬೆರಗಾಯಿತು. ಅಷ್ಟು ಹಿಂದಿನ ಕಾಲದಲ್ಲೂ ಇಲ್ಲಿ ಅಕ್ಕೋರುಗಳಿದ್ದರು! ಅವರಾದರೂ ಕಾಯಂ ಆಗಿದ್ದರೋ ಇಲ್ಲವೋ, ಆ ಯಾತ್ರಿಕ ವಿಚಾರಿಸಿದಂತೆ ಕಾಣಲಿಲ್ಲ. ಒಟ್ಟಿನಲ್ಲಿ ಹೇಳಲಿಕ್ಕೆ ನನಗೊಂದು ಮಾತು ಸಿಕ್ಕಿತು. ಉಳಿದದ್ದಕ್ಕೆ ದೇವರಿದ್ದಾನೆ ಎಂದುಕೊಂಡೆ.

ಸಾಹೇಬರು ಬಂದರು. ಬಯಲುಸೀಮೆಯ ಕಡೆಯವರು, ಎತ್ತರದ ಆಳು, ಕೈಯಲ್ಲಿ ಒಂದು ನೋಟುಬುಕ್ಕು. ಮುಖ ನೋಡಿದರೆ ಸಿಡುಕರಂತೆ ಕಾಣಲಿಲ್ಲ. ಸಿಡುಕರಾಗಿದ್ದರೆ ಒಳ್ಳೆಯದಿತ್ತು, ಸಿಡುಕರು ಹೆಚ್ಚು ಮಾತಾಡುವುದಿಲ್ಲ. ಇವರಿಗೆ ಕಂಡವರನ್ನೆಲ್ಲ ಮಾತಾಡಿಸಬೇಕು. "ಪ್ರಶ್ನೆ ಕೇಳಬೇಕ್ರಿ ಅಕ್ಕೋರ. ಪ್ರಶ್ನೆ ಕೇಳದಿದ್ರ ವಿದ್ಯಾ ಎಲ್ಲಿಂದ ಬರತೈತಿ?" ಎಂದು ಹೊರಡುವ ಮೊದಲೇ ನನಗೆ ಉಪದೇಶವಾಯಿತು. ನಾನು ತಲೆಯಾಡಿಸಿದೆ. ಪ್ರಶ್ನೆ ಕೇಳುವುದು ಕಲಿಸುವವರ ಕೆಲಸ ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ.

ಮೂರು ಗಂಟೆಗೆ ನಡಿಗೆ ಶುರುವಾಯಿತು. ಮುಂದೆ ನಾನು, ನನ್ನ ಪಕ್ಕಕ್ಕೆ ಸಾಹೇಬರು, ಹಿಂದೆ ಕೊಡೆ ಹಿಡಿದ ಹೆಡ್‌ಮಾಸ್ತರರು. ನಾಲ್ಕನೆಯವಳಾಗಿ ಯಾರೂ ಕರೆಯದೆ ಮಂಕಾಳಿ. ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ತಾನೂ ಆ ಕಡೆಗೇ ಹೋಗುವವಳು ಎಂಬಂತೆ ಬರುತ್ತಿದ್ದಳು. ಆ ಕಡೆ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ನನ್ನ ಅವಸ್ಥೆ ನೋಡುವ ಆಸೆ, ಅಷ್ಟೇ.

ಜಕಾತಿ ಕಟ್ಟೆ ಸುಸೂತ್ರವಾಗಿ ದಾಟಿತು. ಮುಂದೆ ಒಂದು ಗೋಡೆ. ಪಾಚಿ ಹಿಡಿದು, ಅಲ್ಲಲ್ಲಿ ಗಾರೆ ಉದುರಿ, ನೋಡಿದರೆ ಯಾವುದೋ ಸಾಮ್ರಾಜ್ಯ ಬೀಳುವುದನ್ನು ಕಣ್ಣಾರೆ ಕಂಡಂತಿತ್ತು. ಸಾಹೇಬರು ಮುಟ್ಟಿ ನೋಡಿ, "ಎಷ್ಟು ವರ್ಷದ್ದ್ರಿ ಇದು?" ಎಂದರು. ನಾನು ಗಂಟಲು ಸರಿಮಾಡಿಕೊಂಡು, "ಪೋರ್ತುಗೀಜರ ಕಾಲದ್ದು ಸರ್, ಅವರ ಉಗ್ರಾಣ ಇಲ್ಲೇ ಇತ್ತು" ಎಂದೆ. ಸಾಹೇಬರು ನೋಟುಬುಕ್ಕು ಬಿಚ್ಚಿದರು.

"ಅಯ್ಯೋ ಅಕ್ಕೋರೇ, ಅದು ನಮ್ಮ ಭಾವ ಕಟ್ಟಿದ್ದು! ಐಸ್ ಇಡೂಕೆ ಅಂತ ಕಟ್ಸಿದ್ರು, ಸರಿಯಾಗ್ಲಿಲ್ಲ ಅಂತ ಬಿಟ್ರು. ನಮ್ಮ ಭಾವನ ಕೆಲ್ಸ ಎಲ್ಲಾ ಹಾಂಗೇ" ಎಂದಳು ಮಂಕಾಳಿ.

ಸಾಹೇಬರು ಬರೆದದ್ದನ್ನು ಹೊಡೆದುಹಾಕಿದರು. ಹೆಡ್‌ಮಾಸ್ತರರು ಕೊಡೆ ಬಿಚ್ಚಿದರು. ಬಿಸಿಲಿರಲಿಲ್ಲ.

ನನ್ನ ಹತ್ತಿರ ಉಳಿದದ್ದು ಒಂದೇ ಅಸ್ತ್ರ. ಅರಬ್ಬಿ ಯಾತ್ರಿಕನನ್ನು ಹೊರತೆಗೆದೆ. ಹೆಣ್ಣುಮಕ್ಕಳ ಶಾಲೆಯ ವಿಚಾರ ಕೇಳಿ ಸಾಹೇಬರ ಮುಖ ಅರಳಿತು. "ಭಾಳ ಛಲೋ! ಆ ಸಾಲಿ ಎಲ್ಲಿತ್ತ್ರಿ?" ಎಂದರು. ಇಷ್ಟು ಸಣ್ಣ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಎದುರಿಗೆ ಬಲೆ ಒಣಹಾಕಿದ ಬಯಲಿತ್ತು. ಅತ್ತ ಕೈ ತೋರಿಸಿದೆ. ಸಾಹೇಬರು ಆ ಬಲೆಗಳ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು. ಒಣಗುತ್ತಿದ್ದ ಬಲೆಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಾರರು. ಮಂಕಾಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುಳ್ಳು ಹೇಳಿ ಒಬ್ಬ ಒಳ್ಳೆಯ ಮನುಷ್ಯನಿಂದ ಕೈ ಮುಗಿಸಿದೆನಲ್ಲ ಎಂದು ನನಗೆ ಮಾತ್ರ ಬೇಜಾರಾಯಿತು. ಆದರೆ ಸಾಹೇಬರು ನೋಟುಬುಕ್ಕಿನಲ್ಲಿ ಏನೋ ಸಂತೋಷದಿಂದ ಬರೆಯುವುದನ್ನು ಕಂಡು ಆ ಬೇಜಾರನ್ನು ನುಂಗಿಕೊಂಡೆ. ಕಾಯಂ ಆಗಬೇಕಾದವರು ಇಂಥ ಎಷ್ಟೋ ನುಂಗುತ್ತಾರೆ.

ಹೀಗೆ ನಡೆದು ನಾವು ದೋಣಿ ಬಿಡುವ ಜಾಗಕ್ಕೆ ಬಂದೆವು. ಇಳಿತ ಶುರುವಾಗಿತ್ತು. ಹೊಳೆಯ ನೀರು ಸಮುದ್ರದ ಕಡೆ ಸೆಳೆಯುವ ಹೊತ್ತು ಅದು. ಆ ಸೆಳೆತದಲ್ಲೇ ದೋಣಿ ಹೊಳೆ ಕಡಲು ಸೇರುವ ಅಳಿವೆ ದಾಟಬೇಕು. ತಡವಾದರೆ ದಡದ ನೀರು ಬತ್ತಿ ದೋಣಿ ಕೆಸರಿನಲ್ಲಿ ಕೂತುಬಿಡುತ್ತದೆ. ಮೂರು ದೋಣಿ ಸಿದ್ಧವಾಗಿದ್ದವು. ಮೊದಲನೆಯದು ಜಟ್ಟಪ್ಪನದು. ಬಲೆ ಹೇರಿ, ನೀರಿನ ಕೊಡ ಇಟ್ಟು, ಮುಂದಿನ ತುದಿಗೆ ಹೂ ಸಿಕ್ಕಿಸಿ ಎಲ್ಲರೂ ಹತ್ತಿದ್ದರು. ಜಟ್ಟಪ್ಪ ಹುಟ್ಟು ಎತ್ತಿದ್ದ. ಆಗ ಸಾಹೇಬರು ಕೈ ಬೀಸಿ, ಬಾಯಿ ತುಂಬ ನಗುತ್ತ, ಕೂಗಿ ಕೇಳಿದರು:

"ಏನ್ರಪಾ, ಎಲ್ಲಿಗೆ ಹೊಂಟ್ರಿ?"

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ಕನ್ನಡ ಮಾತಾಡುವವರಲ್ಲಿ ಬಹಳ ಜನರಿಗೆ ಗೊತ್ತಿರುವ ಸಂಗತಿ. ಆದರೆ ಬೇರೆ ಕಡೆ ಅದು ಬರೀ ಒಂದು ಕಿರಿಕಿರಿ. ಸಂತೆಗೆ ಹೊರಟವನನ್ನು ಕೇಳಿದರೆ ಅವನು ಮನಸ್ಸಿನಲ್ಲೇ ಬೈದುಕೊಂಡು ಸಂತೆಗೆ ಹೋಗುತ್ತಾನೆ. ಸಂತೆ ಎಲ್ಲಿಗೂ ಓಡಿಹೋಗುವುದಿಲ್ಲ. ಕಡಲಿಗೆ ಹೊರಟವನಿಗೆ ತಾನು ಎಲ್ಲಿಗೆ ಹೋಗುತ್ತೇನೆಂದು ತನಗೇ ಗೊತ್ತಿರುವುದಿಲ್ಲ. ಮೀನು ಇದ್ದಲ್ಲಿಗೆ, ಗಾಳಿ ಬಿಟ್ಟಲ್ಲಿಗೆ. ಅಂಥವನ ಬೆನ್ನ ಹಿಂದೆ 'ಎಲ್ಲಿಗೆ' ಎಂದರೆ ಅವನು ಇಳಿದುಬಿಡುತ್ತಾನೆ. ದಡಕ್ಕೆ ಬಂದು ಕೂತು, ನೀರು ಕುಡಿದು, ಒಂದು ಕವಳ ಹಾಕಿ, ಅಂದರೆ ಎಲೆಯಡಿಕೆ ಜಗಿದು, ಆ ಹೊರಡುವಿಕೆಯನ್ನು ಅಲ್ಲಿಗೇ ರದ್ದು ಮಾಡಿ, ಹೊಸದಾಗಿ ಹೊರಡುತ್ತಾನೆ. ನಮ್ಮ ಅತ್ತೆ ದೋಣಿ ಹತ್ತಿದವರಲ್ಲ, ಆದರೂ ನಾನು ಮನೆಯಿಂದ ಹೊರಟಾಗ ಒಂದು ದಿನವೂ ಎಲ್ಲಿಗೆಂದು ಕೇಳಲಿಲ್ಲ. "ಚೀಲ ದೊಡ್ಡದೇ ಹಿಡ್ಕಂಡಿ" ಎನ್ನುತ್ತಿದ್ದರು. "ಬಿಸ್ಲು ಹೆಚ್ಚಾದ್ರೆ ಅಲ್ಲೇ ಉಳ್ಕಂತಿ ಅಲ್ವಾ?" ಎನ್ನುತ್ತಿದ್ದರು. ಹೀಗೆ ಅಕ್ಕಪಕ್ಕದ ನಾಲ್ಕು ಮಾತು ಕೇಳಿ, ನಾನು ಎಲ್ಲಿಗೆ, ಯಾರ ಮನೆಗೆ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಿದ್ದರು. ಶಾಸ್ತ್ರವೂ ಉಳಿಯಿತು, ಸುದ್ದಿಯೂ ಸಿಕ್ಕಿತು.

ಜಟ್ಟಪ್ಪ ಎತ್ತಿದ ಹುಟ್ಟು ಕೆಳಗಿಟ್ಟ. ಅವನೂ ಅವನ ಜನರೂ ಇಳಿದು ಬಂದು ದಡದಲ್ಲಿ ಸಾಲಾಗಿ ಕೂತು ಕವಳದ ಸಂಚಿ ಬಿಚ್ಚಿದರು.

"ಇದೇನ್ರಿ, ವಿಶ್ರಾಂತಿ ತಗೊಳ್ಳಾಕ ಹತ್ಯಾರ?" ಎಂದು ಸಾಹೇಬರು ನನ್ನನ್ನು ಕೇಳಿದರು.

"ಹೌದು ಸರ್" ಎಂದೆ. ಏನು ಹೇಳಲಿ? ಸಾಹೇಬರು ಎರಡನೆಯ ದೋಣಿಯ ಹತ್ತಿರ ನಡೆದರು. ಅವರಾದರೂ ಹೊರಟಿದ್ದಾರಲ್ಲ ಎಂದು ಖುಷಿಯಿಂದ, "ನೀವು ಎಲ್ಲಿಗೆ ಹೊಂಟ್ರಿ?" ಎಂದರು. ಆ ದೋಣಿಯೂ ಇಳಿಯಿತು. ಮೂರನೆಯ ದೋಣಿಯವರು ದೂರದಿಂದ ಇದನ್ನೆಲ್ಲ ನೋಡಿ ಗಡಿಬಿಡಿಯಿಂದ ತಳ್ಳುತ್ತಿದ್ದರು. ಸಾಹೇಬರು ಗಟ್ಟಿ ಗಂಟಲಿನವರು. ಆ ದೋಣಿಯವರೂ ಸಿಕ್ಕಿಬಿದ್ದರು. ಬಂದರಿನ ದಡದ ಉದ್ದಕ್ಕೂ ಜನ ಕುಕ್ಕರಗಾಲಿನಲ್ಲಿ ಕೂತು ಕವಳ ಹಾಕುವುದೇ ಹಾಕುವುದು. ದೂರದಿಂದ ನೋಡಿದವರಿಗೆ ಮದುವೆಯ ಊಟ ಮುಗಿದಂತೆ ಕಂಡಿರಬೇಕು.

ಅಷ್ಟರಲ್ಲಿ ಜಟ್ಟಪ್ಪನ ಕವಳ ಮುಗಿಯಿತು. ಅವನ ಜನ ಎದ್ದು, ಬಾಯಿ ತೊಳೆದು, ದೋಣಿ ಹತ್ತಿ, ಹೊಸದಾಗಿ ಹುಟ್ಟು ಎತ್ತಿದರು. ಸಾಹೇಬರು ತಿರುಗಿ ನೋಡಿದರು.

"ಇನ್ನೂ ಹೋಗಿಲ್ಲೇನ್ರಿ ನೀವು? ಎಲ್ಲಿಗೆ ಅಂತ ಹೇಳಲೇ ಇಲ್ಲಲ್ರಿ!"

ಜಟ್ಟಪ್ಪ ಕಣ್ಣು ಮುಚ್ಚಿಕೊಂಡ. ಆಮೇಲೆ ಇಳಿದ.

ಗೊತ್ತಿದ್ದವರು ನಾವು ಮೂವರಿದ್ದೆವು. ಮಂಕಾಳಿ, ನಾನು ಮತ್ತು ಹೆಡ್‌ಮಾಸ್ತರರು. ಅವರೂ ಈ ನೀರು ಕುಡಿದು ಬೆಳೆದವರೇ. ನಾನು ಅವರ ಮುಖ ನೋಡಿದೆ. ಅವರು ಕೊಡೆಯ ಮರೆಯಿಂದ, "ಅಕ್ಕೋರೇ, ಸುಮ್ಮನಿರಿ. ವರದಿ" ಎಂದು ಪಿಸುಗುಟ್ಟಿದರು. ಸುಮ್ಮನಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಸಾಹೇಬರಿಗೆ ನೀವು ತಪ್ಪು ಮಾಡಿದಿರಿ ಎಂದು ಹೇಳಿದರೆ ನನ್ನ ಹೆಸರಿನ ಮುಂದೆ ಏನು ಬೀಳಬಹುದು ಎಂಬ ಒಂದೇ ಲೆಕ್ಕಾಚಾರದಲ್ಲಿ, ಮೂರು ದೋಣಿಯ ಜನ ಕೂತುಕೊಳ್ಳುವುದನ್ನು ನಾನು ನೋಡುತ್ತ ನಿಂತಿದ್ದೆ. ನೀರು ಇಳಿಯುತ್ತಲೇ ಇತ್ತು. ಜಟ್ಟಪ್ಪನ ದೋಣಿಯ ಹೊಟ್ಟೆ ಆಗಲೇ ಕೆಸರು ಮುಟ್ಟಿತ್ತು.

ಮಂಕಾಳಿ ನನ್ನ ತೋಳು ಹಿಡಿದು ಎಳೆದಳು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ.

"ಎಂತ ಅಕ್ಕೋರೇ, ಮಾತು ಬಿದ್ದೋತಾ? ನಿಮ್ಮ ಮುಖ ನೋಡಿ ಅವ್ರು ಬಾಯಿ ಬಿಡ್ತಿಲ್ಲ. ಅಕ್ಕೋರ ಸಂಗಡ ಬಂದ ಸಾಹೇಬ್ರು ಅಂತ. ಬೇರೆ ಯಾರಾದ್ರೂ ಆಗಿದ್ರೆ ಹುಟ್ಟು ಹಿಡ್ಕಂಡು ಬರ್ತಿದ್ರು. ನಾಳೆ ನನ್ನ ಬುಟ್ಟಿಗೆ ಎಂತ ಹಾಕ್ಲಿ? ನಿಮ್ಮ ಸಾಹೇಬ್ರ ಪ್ರಶ್ನೆ ಹಾಕ್ಲಾ?"

ನನ್ನ ಮುಖ ನೋಡಿ ಅವರು ಸುಮ್ಮನಿದ್ದಾರೆ! ನನ್ನ ಮುಖಕ್ಕೆ ಆ ಊರಿನಲ್ಲಿ ಅಷ್ಟು ಬೆಲೆ ಇದೆ ಎಂಬುದು ನನಗೆ ಗೊತ್ತಾದದ್ದೇ ಆಗ. ಸಾಹೇಬರು ಐದನೆಯ ಸಲ ಬಾಯಿ ತೆರೆಯುತ್ತಿದ್ದರು. ಎರಡನೆಯ ದೋಣಿಯವರು ಎದ್ದು ಹತ್ತುತ್ತಿದ್ದರು. ಯೋಚಿಸಿ, ವಿನಯದಿಂದ, ಸರಿಯಾದ ಮಾತು ಹುಡುಕಿ ಹೇಳಲು ಪುರುಸೊತ್ತಿರಲಿಲ್ಲ. ಆರು ವರ್ಷ ತರಗತಿಯಲ್ಲಿ ಕೂಗಿ ಕೂಗಿ ರೂಢಿಯಾದದ್ದು ತಾನಾಗಿ ಹೊರಗೆ ಬಂತು.

"ಬಾಯಿ ಮೇಲೆ ಬೆರಳು!" ಎಂದೆ.

ಇಡೀ ಬಂದರಿಗೆ ಕೇಳಿತು. ಸಾಹೇಬರು ಎಷ್ಟೇ ದೊಡ್ಡವರಾಗಲಿ, ಒಂದು ಕಾಲಕ್ಕೆ ಅವರೂ ಒಂದನೇ ಇಯತ್ತೆಯಲ್ಲಿ ಕೂತವರೇ ಅಲ್ಲವೇ? ತಟ್ಟನೆ ಬೆರಳು ಬಾಯಿಯ ಮೇಲೆ ಹೋಯಿತು. ಹೆಡ್‌ಮಾಸ್ತರರ ಬೆರಳೂ ಹೋಯಿತು, ಕೊಡೆ ಕೆಸರಿಗೆ ಬಿತ್ತು. ದಡದಲ್ಲಿ ಕೂತ ಕೆಲವರು ಕೂಡ ಕವಳ ಜಗಿಯುವುದನ್ನು ನಿಲ್ಲಿಸಿದರು.

ಬೆರಳು ಬಾಯಿಯ ಮೇಲಿರುವಾಗಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹೊರಟ ದೋಣಿಯನ್ನು ಎಲ್ಲಿಗೆ ಎಂದು ಕೇಳಬಾರದು ಸರ್, ಇವರು ವಿಶ್ರಾಂತಿಗೆ ಕೂತವರಲ್ಲ ಸರ್, ನೀವು ಕೇಳಿದ್ದಕ್ಕೆ ಇಳಿದವರು, ನೀರು ಇಳಿಯುತ್ತಿದೆ, ಇನ್ನು ತಡವಾದರೆ ಇವತ್ತಿನ ಕಡಲು ಹೋಯಿತು, ನಾನು ಮೊದಲೇ ಹೇಳಬೇಕಿತ್ತು, ಹೆದರಿ ಹೇಳಲಿಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲು ಬರಲಿಲ್ಲ. ಹೆಣ್ಣುಮಕ್ಕಳ ಶಾಲೆ ಆ ಬಲೆಯ ಜಾಗದಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಈ ನಡಿಗೆ ಇವತ್ತೇ ಮೊದಲನೆಯದು ಎಂಬುದನ್ನೂ ಹೇಳಿದೆ. ಹೆಡ್‌ಮಾಸ್ತರರು ಬೆರಳು ತೆಗೆದು ಹಣೆಗೆ ಕೈ ಹಚ್ಚಿಕೊಂಡರು. ಅಲ್ಲಿಗೆ ನನ್ನ ನೌಕರಿ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಒಂಥರಾ ಹಗುರವಾಯಿತು.

ಸಾಹೇಬರು ಬೆರಳು ಇಳಿಸಿದರು. ಮುಖ ಕೆಂಪಗಾಗಿತ್ತು. ಸಿಟ್ಟೋ ನಾಚಿಕೆಯೋ ನನಗೆ ತಿಳಿಯಲಿಲ್ಲ. ಜಟ್ಟಪ್ಪನ ಮುಂದೆ ಹೋಗಿ, "ತಪ್ಪಾತಪಾ. ಈಗ ಏನು ಮಾಡಬೇಕು, ಹೇಳು" ಎಂದರು.

ಜಟ್ಟಪ್ಪ ದೋಣಿ ನೋಡಿದ, ಕೆಸರು ನೋಡಿದ, ಸಾಹೇಬರ ಇಸ್ತ್ರಿ ಮಾಡಿದ ಪ್ಯಾಂಟು ನೋಡಿದ. "ಎಂತಿಲ್ಲ ಸಾಹೇಬ್ರೇ. ದೋಣಿ ಕೂತದೆ. ಒಂದ್ ಕೈ ಹಚ್ಚಿದ್ರೆ ಆತು" ಎಂದ. ಆ ದಿನದ ಅವನ ಹತ್ತು ಮಾತು ಅಲ್ಲಿಗೆ ತೀರಿತು.

ಸಾಹೇಬರು ಪ್ಯಾಂಟು ಮೊಣಕಾಲಿಗೆ ಮಡಿಸಿದರು. ಸಾಹೇಬರು ಇಳಿದ ಮೇಲೆ ಹೆಡ್‌ಮಾಸ್ತರರು ದಡದಲ್ಲಿ ನಿಲ್ಲುವುದು ಹೇಗೆ? ಅವರು ಧೋತರ ಎತ್ತಿ ಕಟ್ಟಿದರು. ನಾನು ಸೀರೆ ಸೆಕ್ಕಿದೆ. ಮಂಕಾಳಿ ಬುಟ್ಟಿ ಬಿಸಾಕಿ ನನ್ನ ಪಕ್ಕ ನಿಂತಳು. ಕೂತಿದ್ದ ಮೂರೂ ದೋಣಿಯ ಜನ ಎದ್ದು ಬಂದರು. "ಹೈಸಾ" ಎಂದು ಅವರು ಕೂಗುವುದು, ನಾವು ನೂಕುವುದು. ಮೊದಲ ಸಲ ದೋಣಿ ಅಲುಗಲಿಲ್ಲ, ಹೆಡ್‌ಮಾಸ್ತರರು ಅಲುಗಿದರು. ಅವರ ಒಂದು ಚಪ್ಪಲಿಯನ್ನು ಕೆಸರು ನುಂಗಿತು, ಕೊನೆಗೂ ಸಿಗಲಿಲ್ಲ. ಎರಡನೆಯ ಸಲಕ್ಕೆ ದೋಣಿ ಜಾರಿತು. ಹೀಗೆ ಮೂರನ್ನೂ ನೀರಿಗೆ ಬಿಟ್ಟೆವು. ಅಷ್ಟು ವರ್ಷ ಆ ಬಂದರಿಗೆ ಚೀಲ ಹಿಡಿದು ಹೋಗಿ ಬಂದವಳು, ದೋಣಿಯೊಂದು ಕೈಯಿಂದ ಬಿಡಿಸಿಕೊಂಡು ನೀರಿಗೆ ಹೋಗುವಾಗ ಅಂಗೈಗೆ ಹೇಗಿರುತ್ತದೆ ಎಂಬುದನ್ನು ಅವತ್ತೇ ತಿಳಿದೆ. ಬಹಳ ಸಂತೋಷವಾಯಿತು. ನೌಕರಿ ಹೋದದ್ದು ಸುಮಾರು ಹೊತ್ತು ಮರೆತೇಹೋಗಿತ್ತು.

ದೋಣಿಗಳು ಅಳಿವೆಯ ಕಡೆ ಸಣ್ಣದಾದವು. ಸಾಹೇಬರು ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಹತ್ತಿರ ಬಾಗಿ, ಬಹಳ ಸಣ್ಣ ದನಿಯಲ್ಲಿ, "ಯಾವಾಗ ಬರತಾರ ಅಂತ ಕೇಳಬಹುದೇನ್ರಿ?" ಎಂದರು.

"ಅದೂ ಬೇಡ ಸರ್" ಎಂದೆ.

ಮರುದಿನ ಶಾಲೆಯ ತಪಾಸಣೆ ನಡೆಯಿತು. ಸಾಹೇಬರು ನನ್ನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನು ಕಂಡು, ವರದಿ ಆಗಲೇ ಬರೆದಾಗಿದೆ ಎಂದುಕೊಂಡೆ. ಸಾಯಂಕಾಲದ ಬಸ್ಸಿಗೆ ಹೊರಟರು. ನಾವೆಲ್ಲ ಸ್ಟ್ಯಾಂಡಿಗೆ ಹೋಗಿ ಕೈ ಮುಗಿದೆವು. ಎಲ್ಲಿಗೆ ಹೊರಟರೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಆಮೇಲಿನ ಒಂದು ತಿಂಗಳು ಹೇಗೆ ಕಳೆಯಿತೆಂದು ಹೇಳಲಾರೆ. ಮನೆಯಲ್ಲಿ ಅತ್ತೆ ನನ್ನ ಮುಖ ನೋಡಿ ಅಣಬೆಯ ಮಾತು ನಿಲ್ಲಿಸಿದರು. ಅವರು ನಿಲ್ಲಿಸಿದರೆಂದರೆ ಪರಿಸ್ಥಿತಿ ಗಂಭೀರವಾಗಿದೆ ಎಂದೇ ಅರ್ಥ. ಒಂದು ದಿನ ಟಪಾಲು ಬಂತು. ಹೆಡ್‌ಮಾಸ್ತರರು ಕರೆಸಿ ಕಾಗದ ಮುಂದೆ ತಳ್ಳಿದರು. ನನ್ನ ಹೆಸರಿನ ಮುಂದೆ ಮೊದಲ ಸಾಲು ಹೀಗಿತ್ತು: "ಈ ಶಿಕ್ಷಕಿಗೆ ಬಂದರಿನ ಇತಿಹಾಸ ಏನೇನೂ ಗೊತ್ತಿಲ್ಲ." ಕಣ್ಣು ಮಂಜಾಯಿತು. ಕಾಗದ ಮಡಿಸಲು ಹೋದೆ.

"ಮುಂದೆ ಓದಿ ಅಕ್ಕೋರೇ, ಮುಂದೆ ಓದಿ" ಎಂದರು ಹೆಡ್‌ಮಾಸ್ತರರು.

"ಬಂದರಿನ ಜನ ಮಾತ್ರ ಚೆನ್ನಾಗಿ ಗೊತ್ತು. ಅಧಿಕಾರಿಯ ತಪ್ಪನ್ನು ಎದುರಿಗೇ ತಿದ್ದುವ ಧೈರ್ಯವಿದೆ. ಇತಿಹಾಸವನ್ನು ಕೆಲಸಕ್ಕೆ ಸೇರಿದ ಮೇಲೂ ಪುಸ್ತಕ ನೋಡಿ ಕಲಿತುಕೊಳ್ಳಬಹುದು. ಕಾಯಂ ಮಾಡಲು ಅಡ್ಡಿಯಿಲ್ಲ."

ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು, ಮುಚ್ಚಿಡುವುದೇನು. ಆಮೇಲೆ ನಾನು ಬಹಳ ವರ್ಷ ಕಾಯಂ ಅಕ್ಕೋರಾಗಿಯೇ ಇದ್ದು ನಿವೃತ್ತಳಾದೆ. ಸಾಹೇಬರು ಹೇಳಿದಂತೆ ಪುಸ್ತಕ ನೋಡಿ ಬಂದರಿನ ಇತಿಹಾಸ ಕಲಿಯುವುದೊಂದನ್ನು ಮಾತ್ರ, ಇವತ್ತು ನಾಳೆ ಎನ್ನುತ್ತ, ಕೊನೆಯ ದಿನದವರೆಗೂ ಮುಂದೂಡುತ್ತಲೇ ಬಂದೆ. ಕಾಯಂ ನೌಕರಿ ಎಂದರೆ ಅದೇ ಅಲ್ಲವೇ?